ತಮ್ಮ ಮಾಡಿಕೊಟ್ಟ ಟ್ರ್ಯಾಲಿ

ಹೊಸ ಟ್ರ್ಯಾಲಿಯ ನೀರಿನ ಟಾಕಿ ಸೋರುತ್ತದೆ ಎಂದು ಗೊತ್ತಾದ ದಿನ ನಾನು ನಕ್ಕಿದ್ದೆ. ಬಾಗಿಲು ಕೂಡುವುದಿಲ್ಲ ಎಂದು ಗೊತ್ತಾದ ದಿನ ಬೈದಿದ್ದೆ. ಕೊನೆಯದು ಗೊತ್ತಾದ ದಿನ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನನ್ನನ್ನು ಬಲ್ಲವರಿಗೆ ಇದು ಸಣ್ಣ ಸುದ್ದಿಯಲ್ಲ. ಯಾದಗಿರಿ ಸ್ಟೇಷನ್ ರಸ್ತೆಯಲ್ಲಿ ಖಾನಾವಳಿ ನಡೆಸುವ ಹೆಂಗಸಿಗೆ ಬಾಯಿ ಇರಲೇಬೇಕು, ನನಗೆ ದೇವರು ಅದನ್ನು ಎರಡು ಪಾಲು ಕೊಟ್ಟಿದ್ದಾನೆ ಎಂದು ನಮ್ಮ ಮನೆಯವರು ಹೇಳುತ್ತಿರುತ್ತಾರೆ. ಅವರಿಗೆ ಸಿಗಬೇಕಾದ ಪಾಲೂ ನನಗೇ ಬಂದಿರಬೇಕು. ಹೊಲ, ಟ್ರ್ಯಾಕ್ಟರು, ಬೀಡಿ, ಇಷ್ಟಿದ್ದರೆ ಅವರು ದಿನವಿಡೀ ತುಟಿ ಬಿಚ್ಚದೆ ಇರಬಲ್ಲರು.

ನಮ್ಮ ಮನೆ ಮುದನಾಳದಲ್ಲಿ. ಬೆಳಿಗ್ಗೆ ಎದ್ದು ನಾನೂ ಅತ್ತೆಯೂ ಯಾದಗಿರಿಗೆ ಬಂದು ಖಾನಾವಳಿಯ ಬಾಗಿಲು ತೆಗೆಯುತ್ತೇವೆ. ರೊಟ್ಟಿ ಬಡಿಯುವುದು ಅತ್ತೆ. ಪುಂಡಿಪಲ್ಯ, ಬೇಳೆ, ಗಿರಾಕಿಗಳ ಜೊತೆ ಜಗಳ, ಇವು ನನ್ನವು. ಅತ್ತೆಯ ಕೈ ರೊಟ್ಟಿ ತಿಂದವರು ಬೇರೆ ಊರಿಗೆ ವರ್ಗವಾಗಿ ಹೋದ ಮೇಲೂ ರೈಲು ಇಳಿದು ಬಂದು ಉಂಡು ಹೋದದ್ದುಂಟು. ಮೊಣಕಾಲು ಹೋದ ಮೇಲೆ ಅವರಿಗೆ ನೆಲಕ್ಕೆ ಕೂರಲಾಗುವುದಿಲ್ಲವೆಂದು ಒಲೆಯನ್ನು ಕಟ್ಟೆಯ ಮೇಲೆ ಏರಿಸಿದೆವು. ನಿಂತೇ ಬಡಿಯುತ್ತಾರೆ. ಬಡಿಯುವುದನ್ನು ಬಿಡಿ ಎಂದರೆ ನನ್ನನ್ನೇ ಬಡಿಯುವಂತೆ ನೋಡುತ್ತಾರೆ.

ಆ ಮೊಣಕಾಲುಗಳಿಂದಲೇ ಈ ಕಥೆ ಶುರುವಾದದ್ದು. ಯುಗಾದಿಗೆ ಮುಂಚೆ ನಮ್ಮ ಕಡೆಯ ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಮುಂದೆ ಹೆಗಲ ಮೇಲೆ ಮಲ್ಲಯ್ಯನ ಕಂಬಿ, ಅಂದರೆ ಪೂಜೆಯ ಕೋಲು, ಹೊತ್ತವರು, ಹಿಂದೆ ನಡೆಯುವ ಮಂದಿ, ಅವರ ಹಿಂದೆ ಹಾಸಿಗೆ, ದಿನಸಿ, ನೀರು ಹೇರಿದ ಟ್ರ್ಯಾಕ್ಟರುಗಳು. ಶ್ರೀಶೈಲದ ಅಮ್ಮ ನಮ್ಮ ಮನೆಮಗಳು, ಮಲ್ಲಯ್ಯ ನಮ್ಮ ಅಳಿಯ. ಹಬ್ಬಕ್ಕೆ ಮಗಳ ಮನೆಗೆ ಹೋಗದಿದ್ದರೆ ಹೇಗೆ? ಸೀರೆ, ಕುಬಸ, ಅರಿಷಿಣ ಕುಂಕುಮ ಕಟ್ಟಿಕೊಂಡು ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ವರ್ಷ ನಡೆದಿದ್ದಾರೆ. ಕಾಲು ಹೋದ ಮೇಲೆ ಬಸ್ಸಿನಲ್ಲಿ ಹೋಗಿ ಬನ್ನಿ ಎಂದರೆ ಒಪ್ಪಲಿಲ್ಲ. ಕಂಬಿಯ ಹಿಂದೆ ಮಂದಿಯ ಜೊತೆ ಹೋದರೆ ಅದು ಮಗಳ ಮನೆಗೆ ಹೋದಂತೆ, ಬಸ್ಸಿನಲ್ಲಿ ಹೋದರೆ ಕೋರ್ಟಿಗೆ ಹೋದಂತೆ ಎನ್ನುವುದು ಅವರ ವಾದ. ಒಂದು ವರ್ಷ ನಮ್ಮ ಹತ್ತಿ ಹೇರುವ ಟ್ರ್ಯಾಲಿಯ ಮೇಲೆ ತಾಡಪತ್ರಿ ಕಟ್ಟಿ ಕೂರಿಸಿದೆವು. ರಾಯಚೂರು ಮುಟ್ಟುವುದರೊಳಗೆ ಬಿಸಿಲು ಬಡಿದು ಎಚ್ಚರ ತಪ್ಪಿದರು. ಅಲ್ಲಿಂದಲೇ ತಿರುಗಿ ಕರೆದುಕೊಂಡು ಬಂದೆವು. ಅದಾದ ಮೇಲೆ ಕಂಬಿ ಹೊರಡುವ ದಿನ ಅತ್ತೆ ಮನೆಯ ಹೊರಗೆ ಬರುತ್ತಿರಲಿಲ್ಲ.

ಇದನ್ನೆಲ್ಲ ಬಲ್ಲ ಹೊರಗಿನವನು ಒಬ್ಬನೇ ಇದ್ದ. ಹೊರಗಿನವನು ಎಂದು ಈಗ ಬರೆಯುತ್ತಿದ್ದೇನೆ, ಆಗ ಯಾರಾದರೂ ಹಾಗೆಂದಿದ್ದರೆ ಅವರ ತಾಟು ಕಸಿದುಕೊಳ್ಳುತ್ತಿದ್ದೆ. ಸುರಪುರದ ಕಡೆಯ ಹಳ್ಳಿಯವನು. ವೆಲ್ಡಿಂಗ್ ಕಲಿಯಲು ಯಾದಗಿರಿಗೆ ಬಂದವನು ನಮ್ಮಲ್ಲಿ ಊಟಕ್ಕೆ ಬರುತ್ತಿದ್ದ. ಕಣ್ಣು ಕೆಂಪಗೆ, ಕೈ ಕಪ್ಪಗೆ, ಊಟಕ್ಕೆ ಕೂತರೆ ಅಕ್ಕಪಕ್ಕದವರು ಎದ್ದು ಹೋದರೂ ಗೊತ್ತಾಗದಂತೆ ಉಣ್ಣುವವನು. ಒಮ್ಮೆ ಕಾಮಾಲೆಯಾಗಿ ರೂಮಿನಲ್ಲಿ ಒಬ್ಬನೇ ಬಿದ್ದಿದ್ದಾನೆ ಎಂದು ಕೇಳಿ ಅತ್ತೆ ಅವನನ್ನು ಮನೆಗೆ ಕರೆತಂದರು. ಗಂಜಿ ಕುಡಿಸಿ, ಬೈದು, ಮತ್ತೆ ಗಂಜಿ ಕುಡಿಸಿ ಎಬ್ಬಿಸಿ ಕೂರಿಸಿದರು. ಅಂದಿನಿಂದ ಅವರು ಅವನಿಗೆ ಅವ್ವ, ನಾನು ಅಕ್ಕ, ನಮ್ಮ ಮನೆಯವರು ಭಾವ.

ನನಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ನಾಗರ ಪಂಚಮಿ ಬಂದರೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ತವರಿನಿಂದ ಕರೆಯಲು ಬರುತ್ತಾರೆ, ನಾನು ಉಂಡಿ ಕಟ್ಟಿ ಗಿರಾಕಿಗಳಿಗೆ ಹಂಚುತ್ತಿದ್ದೆ. ಆ ವರ್ಷ ಪಂಚಮಿಯ ಹಿಂದಿನ ದಿನ ಇವನು ಮೋಟಾರ್ ಸೈಕಲ್ ತೊಳೆದು, ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತ. ಕೈಯಲ್ಲಿ ಕುಬಸದ ಕಣ. "ಅಕ್ಕಾ, ಕರಿಲಾಕ ಬಂದೀನಿ, ನಡಿ" ಅಂದ. ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಹೊಗೆಗೆ ಕಣ್ಣೀರು ಬಂತು ಎಂದು ಅತ್ತೆಗೆ ಹೇಳಿದೆ, ಅವರು ಒಲೆಯಲ್ಲಿ ಗ್ಯಾಸ್ ಉರಿಯುತ್ತಿದೆ ಎಂದು ನೆನಪು ಮಾಡಿಕೊಟ್ಟರು. ಅವನ ಹಿಂದೆ ಕೂತು ಸುರಪುರದ ಹಾದಿ ಹಿಡಿದು ಹೋದೆ. ಅವನ ತಾಯಿ ಉಡಿ ತುಂಬಿ ಕಳಿಸಿದಳು. ಆಮೇಲೆ ಯಾವ ಪಂಚಮಿಯೂ ತಪ್ಪಲಿಲ್ಲ.

ಕೆಲಸ ಕಲಿತ ಮೇಲೆ ಅವನು ಶಹಾಪುರದಲ್ಲಿ ಸ್ವಂತ ಶೆಡ್ಡು ಹಾಕಿದ. ಆ ಕಡೆ ಕಾಲುವೆ ನೀರು, ಭತ್ತ, ಹತ್ತಿ, ಟ್ರ್ಯಾಲಿಗಳಿಗೆ ಬರವೇ? ಕೆಲಸ ಚೆನ್ನಾಗಿ ಹತ್ತಿತು. ಒಂದು ದಿನ ಊಟಕ್ಕೆ ಬಂದವನು ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದವರು ಕಾರಿನ ಹಿಂದೆ ಸಣ್ಣ ಮನೆಯನ್ನೇ ಕಟ್ಟಿಕೊಂಡು ಹೋಗುತ್ತಿದ್ದರು. ಒಳಗೆ ಮಂಚ, ನಳ, ಒಲೆ, ಕಿಟಕಿಗೆ ಪರದೆ. ಅದಕ್ಕೆ ಕ್ಯಾಂಪರ್ ಎನ್ನುತ್ತಾರಂತೆ. ಟ್ರ್ಯಾಕ್ಟರಿಗೆ ಹೊಂದುವಂತೆ ಇಂಥದ್ದೇ ಒಂದು ಮಾಡಿಕೊಡುತ್ತೇನೆ, ಅವ್ವನನ್ನು ಇದರಲ್ಲಿ ಶ್ರೀಶೈಲಕ್ಕೆ ಒಯ್ಯೋಣ ಎಂದ.

"ಹೊಸ ಕಬ್ಬಿಣ ಅಕ್ಕಾ, ಕಣ್ಣಿಗಿ ಒತ್ತಿಕೊಂಡು ಮಾಡತೀನಿ. ಅವ್ವನ ಹೊಟ್ಟ್ಯಾಗಿನ ನೀರ ಅಳ್ಳಾಡಂಗಿಲ್ಲ."

ಅತ್ತೆ ಹಿಟ್ಟಿನ ಕೈಯಲ್ಲೇ ಮೊಬೈಲ್ ಹಿಡಿದು ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದರು. ಮಂಚದ ಹತ್ತಿರ ಬಂದಾಗ ನಿಲ್ಲಿಸಲು ಹೇಳಿದರು. ಖಾನಾವಳಿಯಲ್ಲಿ ಕೂಡಿಟ್ಟದ್ದೆಲ್ಲ ಆ ಟ್ರ್ಯಾಲಿಗೆ ಹೋಯಿತು. ತಮ್ಮನ ಹತ್ತಿರ ಚೌಕಾಶಿ ಮಾಡುವುದುಂಟೇ? ತರಕಾರಿಯವನ ಜೊತೆ ಕೊತ್ತಂಬರಿ ಕಟ್ಟಿಗೆ ಅರ್ಧ ತಾಸು ವಾದ ಮಾಡುವ ನಾನು ಅವನ ಮುಂದೆ ಒಂದು ಮಾತು ಆಡಲಿಲ್ಲ.

ಶಿವರಾತ್ರಿ ಮುಗಿದ ಮೇಲಿನ ಸೋಮವಾರ ನಸುಕಿನಲ್ಲೇ ಹೊರಟು ಟ್ರ್ಯಾಲಿ ತರಲು ಶಹಾಪುರಕ್ಕೆ ಹೋದೆವು. ಶೆಡ್ಡಿನ ಮುಂದೆ ನೀಲಿ ಬಣ್ಣದಲ್ಲಿ ಮಿರಮಿರ ಮಿಂಚುತ್ತ ನಿಂತಿತ್ತು. ನಾವು ಇನ್ನೂ ಟ್ರ್ಯಾಕ್ಟರಿನಿಂದ ಇಳಿದಿರಲಿಲ್ಲ, ಅವನು ತೆಂಗಿನಕಾಯಿ, ನಿಂಬೆಹಣ್ಣು, ಚೆಂಡು ಹೂವಿನ ಮಾಲೆ ಎಲ್ಲ ತಯಾರಿಟ್ಟುಕೊಂಡು ಅವಸರ ಮಾಡತೊಡಗಿದ. ರಾಹುಕಾಲ ಬರುತ್ತದೆ, ಮೊದಲು ಪೂಜೆ ಆಗಲಿ, ನೋಡುವುದು ಆಮೇಲೆ ಇದ್ದೇ ಇದೆ ಎಂದ. ನಮಗೂ ಅದೇ ಸರಿ ಅನ್ನಿಸಿತು. ನಮ್ಮಲ್ಲಿ ಪೂಜೆಗೆ ಮುಂಚೆ ಹೊಸ ಗಾಡಿಯನ್ನು ತಟ್ಟಿ, ಕುಟ್ಟಿ, ಕೊಂಕು ತೆಗೆಯುವುದು ಅಪಶಕುನ. ಪೂಜೆಯಾದ ಮೇಲೆ ಅದು ಮನೆಯದಾಯಿತು, ಆಮೇಲೆ ಏನು ಕಂಡರೂ ತಿರುಗಿ ಕೊಡುವುದಿಲ್ಲ. ಬಂಗಾರ ಒರೆಗೆ ಹಚ್ಚಿ ಕೊಳ್ಳುವ ನಾವು ಗಾಡಿಯನ್ನು ಕಾಯಿ ಒಡೆದು ಕೊಳ್ಳುತ್ತೇವೆ.

ಪೂಜೆ ಅವನೇ ಮಾಡಿದ. ಬಂಡಿಗೆ ಮೂಕಿ ಇದ್ದಹಾಗೆ ಟ್ರ್ಯಾಲಿಯ ಮುಂಭಾಗದಲ್ಲಿ ಟ್ರ್ಯಾಕ್ಟರಿಗೆ ಸಿಕ್ಕಿಸುವ ಕಬ್ಬಿಣದ ಮೂಕಿ ಇರುತ್ತದಲ್ಲ, ಅದಕ್ಕೆ ಅಂಗೈ ತುಂಬ ವಿಭೂತಿ ಕಲಸಿ ದಪ್ಪಗೆ ಮೂರು ಪಟ್ಟೆ ಎಳೆದ. ನಡುವೆ ಕುಂಕುಮ ಇಟ್ಟ. ಮೇಲೆ ಮಾಲೆ ಸುತ್ತಿದ. ಆಮೇಲೆ ಕೈಮುಗಿದು ಅತ್ತೆಗೆ ಹೇಳಿದ:

"ಅವ್ವಾ, ಇದನ್ನ ಯಾರೂ ಒರಸಬ್ಯಾಡ್ರಿ. ಮಲ್ಲಯ್ಯನ ಪಾದ ಮುಟ್ಟೂ ತನ ಹಿಂಗೇ ಇರಲಿ."

ಅತ್ತೆಗೆ ಎದೆ ತುಂಬಿ ಬಂತು. ಸ್ವಂತ ಮಗನಿಗೇ ಇಷ್ಟು ಭಕ್ತಿಯಿಲ್ಲ ಎಂದು ನಮ್ಮ ಮನೆಯವರ ಕಡೆ ನೋಡಿದರು. ಅವರು ಬೀಡಿ ಆರಿಸಿದರು.

ಊರಿಗೆ ತಂದ ಮಾರನೆಯ ದಿನ ಟಾಕಿಗೆ ನೀರು ತುಂಬಿಸಿದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಮಂಚದ ಹಲಗೆ ಒದ್ದೆಯಾಯಿತು. ಹೊಸದರಲ್ಲಿ ಹೀಗೆಯೇ, ಮಗು ಉಚ್ಚೆ ಹೊಯ್ದಂತೆ ಎಂದು ನಕ್ಕೆ. ಅವನಿಗೆ ಫೋನ್ ಮಾಡಿದರೆ ಚಿಲ್ಲರೆ ಕೆಲಸ ಅಕ್ಕಾ, ನಾಳೆ ಬಂದು ಮಾಡುತ್ತೇನೆ ಎಂದ. ನಾಳೆ ಬರಲಿಲ್ಲ. ಹಿಂದಿನ ಬಾಗಿಲನ್ನು ಎರಡೂ ಕೈಯಿಂದ ಎತ್ತಿ ಮಂಡಿಯಿಂದ ಒತ್ತಿದರೆ ಮಾತ್ರ ಚಿಲಕ ಬೀಳುತ್ತಿತ್ತು. ಅದನ್ನೂ ಹೇಳಿದೆ. ಅದೂ ಚಿಲ್ಲರೆ ಕೆಲಸ. ನೆಲಕ್ಕೆ ಹಾಸಿದ್ದ ರೆಕ್ಸಿನ್ ಒಂದು ಮೂಲೆಯಲ್ಲಿ ಎದ್ದಿತ್ತು. ಎತ್ತಿ ನೋಡಿದರೆ ಕೆಳಗಿನ ತಗಡು ತುಕ್ಕು ಹಿಡಿದು ಜರಡಿಯಾಗಿತ್ತು, ಅದರ ಮೇಲೆ ತುಂಡು ತಗಡು ಹೊದಿಸಿ ಮುಚ್ಚಿದ್ದ. ನೀಲಿ ಬಣ್ಣ ಕಿತ್ತಲ್ಲಿ ಕೆಳಗೆ ಹಸಿರು ಬಣ್ಣ ಕಂಡಿತು. ಹೊಸ ಕಬ್ಬಿಣಕ್ಕೆ ಹಳೆಯ ಬಣ್ಣ ಎಲ್ಲಿಂದ ಬಂತು ಎಂದು ಕೇಳಲು ಫೋನ್ ಹಚ್ಚಿದೆ. ಗಂಟೆ ಬಾರಿಸಿತು, ಎತ್ತಲಿಲ್ಲ. ಮುಂದೆ ಎತ್ತಲೇ ಇಲ್ಲ.

ನಾನು ಮನೆಯಲ್ಲಿ ಕೂಗಾಡಿದೆ. ಉಂಡೂ ಹೋದ, ಕೊಂಡೂ ಹೋದ ಎಂದೆ. ನಮ್ಮ ಮನೆಯವರು ಹೋಗಲಿ ಬಿಡು, ಗಿಡದಾಗಿನ ಕಾಯಿ ಎಲ್ಲ ಸೈ ಇರುತ್ತವೆಯೇ ಎಂದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ. ಅತ್ತೆಗೆ ಮಾತ್ರ ನನ್ನ ಮೇಲೆಯೇ ಸಿಟ್ಟು ಬಂತು. ಪೂಜೆಯಾದ ಗಾಡಿಗೆ ಹಾಗೆಲ್ಲ ಅನ್ನಬಾರದು, ಮನೆ ತುಂಬಿಸಿಕೊಂಡ ಸೊಸೆಯಲ್ಲಿ ಹುಳುಕು ಕಂಡರೆ ತವರಿಗೆ ಕಳಿಸುತ್ತಾರೇನು ಎಂದು ಕೇಳಿದರು. ಸೊಸೆಯಾದ ನನಗೆ ಆ ಮಾತು ತಾಗಬೇಕಾದ ಕಡೆ ತಾಗಿತು. ಅವನಿಗೆ ಕೆಲಸ ಹೆಚ್ಚಾಗಿರಬೇಕು, ಕೈ ಕೆಳಗಿನವರು ಮೋಸ ಮಾಡಿರಬೇಕು, ಅವನಿಗೆ ಗೊತ್ತೇ ಇರಲಿಕ್ಕಿಲ್ಲ ಎಂದು ಅವರೇ ಅವನ ಪರವಾಗಿ ಒಂದೊಂದೇ ಕಾರಣ ಹುಡುಕಿಟ್ಟರು. ನಾನು ಟಾಕಿಯ ಸೋರಿಕೆಗೆ ಎಂ-ಸೀಲ್ ಮೆತ್ತಿದೆ. ಬಾಗಿಲಿಗೆ ಹಗ್ಗ ಕಟ್ಟಿದೆ. ಒಳಗೊಳಗೇ ಅತ್ತೆಯ ಮಾತು ನಿಜವಾಗಿರಲಿ ಎಂದು ಬಯಸಿದೆ, ಸುಳ್ಳೇಕೆ ಹೇಳಲಿ. ತಮ್ಮನೊಬ್ಬ ಇದ್ದಾನೆ ಎಂದು ರೂಢಿಯಾದ ಮೇಲೆ ಇಲ್ಲ ಎಂದುಕೊಳ್ಳುವುದು ಸುಲಭವಲ್ಲ.

ಅತ್ತೆ ಆಗಲೇ ಆ ಟ್ರ್ಯಾಲಿಯಲ್ಲಿ ಸಂಸಾರ ಹೂಡಿದ್ದರು. ಮಧ್ಯಾಹ್ನ ಖಾನಾವಳಿಯಿಂದ ಬಂದರೆ ಏಣಿ ಹತ್ತಿ ಒಳಗೆ ಹೋಗಿ ಮಂಚದ ಮೇಲೆ ಮಲಗಿ ನೋಡುತ್ತಿದ್ದರು. ಶ್ರೀಶೈಲದ ಮಗಳಿಗೆಂದು ಕೊಂಡ ಇಳಕಲ್ ಸೀರೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಕಂಬಿಯ ಮಂದಿಯಲ್ಲಿ ನಡೆಯಲಾಗದ ಇನ್ನಿಬ್ಬರು ಮುದುಕಿಯರಿಗೆ ಉಳಿದ ಮಂಚಗಳನ್ನೂ ಹಂಚಿಕೊಟ್ಟಾಗಿತ್ತು. ಅವರಲ್ಲಿ ಒಬ್ಬಾಕೆ ಗೊರಕೆ ಹೊಡೆಯುತ್ತಾಳೆಂದು ಬಾಗಿಲ ಕಡೆಗೆ ಜಾಗ ಕೊಟ್ಟರು.

ಹೊರಡುವ ದಿನ ಹತ್ತಿರ ಬಂದಿತ್ತು. ನಮ್ಮ ಮನೆಯವರು ಗಾಡಿಯನ್ನು ಒಮ್ಮೆ ಹೇರಿ ನೋಡೋಣವೆಂದು ಹೊಲದಿಂದ ಜೋಳದ ಕಣಿಕೆ ತುಂಬಿಕೊಂಡು ಬಂದರು. ನಾನು ಅಂಗಳ ಗುಡಿಸುತ್ತಿದ್ದೆ. ಮೂಕಿಗೆ ಸುತ್ತಿದ ಮಾಲೆ ಒಣಗಿ ಇರುವೆ ಹತ್ತಿದ್ದವು. ಹೂವನ್ನಾದರೂ ತೆಗೆಯೋಣ ಎಂದು ಬಿಚ್ಚಿದೆ. ವಿಭೂತಿಯ ಪಟ್ಟೆಗಳಿಗೆ ಅಡ್ಡಲಾಗಿ, ಈ ತುದಿಯಿಂದ ಆ ತುದಿಗೆ, ಒಂದು ಗೆರೆ ಬಿದ್ದಿತ್ತು. ಒಣಗಿದ ವಿಭೂತಿ ಪುಡಿಯಾಗಿ ಉದುರುತ್ತದೆ, ಹೀಗೆ ಸೀಳುವುದಿಲ್ಲ. ಉಗುರಿನಿಂದ ಕೆರೆದೆ. ಮೇಲೆ ಒಂದು ಪದರು ವಿಭೂತಿ, ಅದರ ಕೆಳಗೆ ಗೋಡೆಗೆ ಹಚ್ಚುವಂಥ ಬಿಳಿ ಪುಟ್ಟಿ. ಅದು ಹಕ್ಕಳೆಯಾಗಿ ಎದ್ದು ಬಂತು. ಅದರ ಕೆಳಗೆ ಕಬ್ಬಿಣ ಬಾಯಿ ಬಿಟ್ಟಿತ್ತು. ನಮ್ಮ ಮನೆಯವರು ಇಳಿದು ಬಂದು ಚಾಕುವಿನ ತುದಿ ಇಟ್ಟರು. ತುದಿ ಒಳಗೆ ಹೋಯಿತು. ಅವರು ಮೆಲ್ಲಗೆ, ಘಾಟಿಯಲ್ಲಿ ಇದು ಕಡಿದು ಬೀಳುತ್ತಿತ್ತು ಎಂದರು.

ಘಾಟಿ ಎಂದರೆ ದೋರ್ನಾಲದ ಘಾಟಿ. ಆತ್ಮಕೂರು ದಾಟಿದ ಮೇಲೆ ನಡೆಯುವವರು ಕಾಡಿನ ಕಾಲುದಾರಿ ಹಿಡಿಯುತ್ತಾರೆ, ಗಾಡಿಗಳು ಸುತ್ತು ಹಾಕಿ ಘಾಟಿ ಹತ್ತುತ್ತವೆ. ಒಂದು ಕಡೆ ಬೆಟ್ಟ, ಒಂದು ಕಡೆ ಕಣಿವೆ. ಏರಿನಲ್ಲಿ ಮೂಕಿ ಕಡಿದರೆ ಟ್ರ್ಯಾಕ್ಟರು ಮುಂದೆ ಹೋಗುತ್ತದೆ, ಟ್ರ್ಯಾಲಿ ಹಿಂದಕ್ಕೆ ಜಾರುತ್ತದೆ. ಒಳಗೆ ದಿಂಬಿನ ಕೆಳಗೆ ಸೀರೆ ಇಟ್ಟುಕೊಂಡು ಅತ್ತೆ ಮಲಗಿರುತ್ತಾರೆ. ಬಾಗಿಲಿಗೆ ನಾನೇ ಹಗ್ಗ ಕಟ್ಟಿರುತ್ತೇನೆ.

ಟಾಕಿ ಸೋರುವುದು ಮೋಸ, ಹಳೆಯ ಕಬ್ಬಿಣಕ್ಕೆ ಬಣ್ಣ ಬಳಿಯುವುದು ಮೋಸ. ಅಂಥ ಮೋಸ ನಾನು ದಿನಾ ನೋಡುತ್ತೇನೆ, ಬೇಳೆಯಲ್ಲಿ ಕಲ್ಲು ಬೆರೆಸುವವರನ್ನು ನೋಡಿಯೇ ತಲೆ ಹಣ್ಣಾಗಿದೆ. ಇದಕ್ಕೆ ನನ್ನ ಹತ್ತಿರ ಹೆಸರಿರಲಿಲ್ಲ. ನಾವು ವಿಭೂತಿಯನ್ನು ಒರೆಸುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಉಂಡು, ಮಲಗಿ, ನಮ್ಮ ಭಕ್ತಿ ಎಲ್ಲಿ ಕುರುಡು ಎಂದು ನೋಡಿಟ್ಟುಕೊಂಡಿದ್ದ.

ಅತ್ತೆಯನ್ನು ಕೈಹಿಡಿದು ಕರೆತಂದೆ. ವಿಭೂತಿ ಯಾಕೆ ಕೆದರಿದೆ ಎಂದು ಮೊದಲು ನನ್ನನ್ನೇ ಬೈದರು. ನಾನು ಏನೂ ಹೇಳದೆ ಅವರ ಬೆರಳನ್ನು ಆ ಸೀಳಿನ ಮೇಲೆ ಇಟ್ಟೆ. ಅವರು ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದರು. ಆಮೇಲೆ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ, ಉಳಿದ ಪಟ್ಟೆಗಳನ್ನೂ ಕುಂಕುಮವನ್ನೂ ತಾವೇ ಒರೆಸಿ ತೆಗೆದರು. ಒಳಗೆ ಹೋಗಿ ಸೀರೆ ಬದಲಿಸಿದರು. ಬೆಳಿಗ್ಗೆ ಶಹಾಪುರಕ್ಕೆ ಹೋಗಬೇಕು ಎಂದಷ್ಟೇ ಹೇಳಿದರು.

ಖಾನಾವಳಿಯನ್ನು ನಮ್ಮ ಮನೆಯವರ ಕೊರಳಿಗೆ ಕಟ್ಟಿ ನಾವಿಬ್ಬರೂ ಬಸ್ಸು ಹತ್ತಿದೆವು. ಮೆಟ್ಟಿಲು ಹತ್ತಲು ಅತ್ತೆ ಪಟ್ಟ ಪಾಡು ನೋಡಿ ಕಂಡಕ್ಟರ್ ಆಸ್ಪತ್ರೆಗೇನು ಎಂದು ಕೇಳಿದ. ಮಗನ ಮನೆಗೆ ಎಂದರು ಅತ್ತೆ. ನಾನು ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಳ್ಳುತ್ತ ಹೋದೆ. ಖಾನಾವಳಿಯಲ್ಲಿ ಕಲಿತದ್ದು, ಸ್ಟೇಷನ್ನಿನಲ್ಲಿ ಕೇಳಿದ್ದು, ಯಾವುದನ್ನೂ ಬಿಡಲಿಲ್ಲ.

ಶೆಡ್ಡಿನಲ್ಲಿ ಅವನು ಒಂದು ಗೇಟು ಬೆಸೆಯುತ್ತಿದ್ದ. ನಮ್ಮನ್ನು ನೋಡಿ ಮುಖವಾಡ ಮೇಲೆತ್ತಿದ. ಅತ್ತೆಗೆ ಸ್ಟೂಲು ತಂದಿಟ್ಟ, ಚಹಾ ತರಿಸಲು ಹೋದ. ಚಹಾ ಬೇಡ, ಕೂಡು ಎಂದೆ. ಮೂಕಿಯ ಮಾತು ಎತ್ತಿದ ಕೂಡಲೇ ನನಗೇನು ಗೊತ್ತು ಅಕ್ಕಾ ಎಂದು ಶುರುಮಾಡಿದ. ಆಮೇಲೆ ಯಾವ ಗಾಡಿಯಲ್ಲಿ ಸಣ್ಣಪುಟ್ಟ ಸೀಳು ಇರುವುದಿಲ್ಲ ಎಂದ. ಪುಟ್ಟಿ ಎಲ್ಲಿಂದ ಬಂತು ಎಂದು ಕೇಳಿದಾಗ ಮುಖವಾಡ ಪೂರ್ತಿ ತೆಗೆದು ಕೆಳಗಿಟ್ಟ. ಕೊನೆಗೆ ಬಾಯಿಬಿಟ್ಟ. ಅದು ಸುರಪುರದ ಕಡೆಯವರ ಹಳೆಯ ಟ್ರ್ಯಾಲಿ, ಭತ್ತ ಹೇರಿಕೊಂಡು ಕಾಲುವೆಗೆ ಮಗುಚಿ ಮೂಕಿ ಮುರಿದದ್ದು. ಗುಜರಿಗೆ ಬಂದದ್ದನ್ನು ಕೊಂಡು, ಮೂಕಿಯನ್ನು ಅರೆಬರೆ ಬೆಸೆದು, ಅದರ ಮೇಲೆ ಮನೆ ಕಟ್ಟಿದ್ದ. ನಾವು ಕೊಟ್ಟದ್ದು ಶೆಡ್ಡಿನ ಸಾಲಕ್ಕೆ ಹೋಗಿ, ಹೊಸ ಕಬ್ಬಿಣ ತರಲು ಕೈಯಲ್ಲಿ ದುಡ್ಡು ಇರಲಿಲ್ಲವಂತೆ. ನಮ್ಮನ್ನು ಕೇಳಬಹುದಿತ್ತು. ಕೇಳಿದ್ದರೆ ಕೊಡುತ್ತಿದ್ದೆವು. ಅದು ಅವನಿಗೂ ಗೊತ್ತಿತ್ತು.

ನಾನು ಜೋಡಿಸಿಕೊಂಡು ಬಂದ ಬೈಗುಳಕ್ಕೆ ಬಾಯಿ ತೆರೆದೆ. ಅತ್ತೆ ಕೈ ಎತ್ತಿ ನನ್ನನ್ನು ನಿಲ್ಲಿಸಿದರು.

"ನಾ ಒಳಗ ಮಲಗತೀನಿ ಅನ್ನೂದು ನಿನಗ ಗೊತ್ತಿತ್ತಿಲ್ಲೋ?"

"ಗೊತ್ತಿತ್ತು ಅವ್ವಾ."

"ಘಾಟಿ ಹತ್ತಬೇಕು ಅನ್ನೂದೂ?"

ಅವನು ತಲೆ ತಗ್ಗಿಸಿದ. "ಭಾವ ಸಾವಕಾಶ ಹೊಡಿತಾರ. ಮ್ಯಾಲ ಮಲ್ಲಯ್ಯ ಇದ್ದಾನ, ಕಾಯ್ತಾನ ಅಂತ ತಿಳಕೊಂಡೆ."

"ಮಲ್ಲಯ್ಯಗ ನೀ ವೆಲ್ಡಿಂಗ್ ಕೆಲಸ ಹಚ್ಚಿದ್ದೇನಪಾ?"

ಅವರ ದನಿ ಏರಲಿಲ್ಲ. ಕಾಮಾಲೆಯಾಗಿ ಮಲಗಿದವನಿಗೆ ಇನ್ನೊಂದು ಗುಟುಕು ಗಂಜಿ ಕುಡಿಯೋ ಎಂದು ಹೇಳುತ್ತಿದ್ದ ದನಿಯೇ. ಅವನು ಅಳತೊಡಗಿದ. ಅವರ ಕಾಲು ಮುಟ್ಟಲು ಬಾಗಿದ. ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು. ಆ ಮೊಣಕಾಲುಗಳನ್ನು ಅಷ್ಟು ಬೇಗ ಮಡಚಿದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ನನ್ನ ಬೈಗುಳವೆಲ್ಲ ನನ್ನಲ್ಲೇ ಉಳಿಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು, ನಾನು ಅವರ ತೊಡೆಯ ಮೇಲಿನ ಚೀಲ ಹಿಡಿದುಕೊಂಡಿದ್ದೆ.

ಅವನು ಮಾರನೆಯ ದಿನವೇ ಮುದನಾಳಕ್ಕೆ ಸಾಮಾನು ಹೇರಿಕೊಂಡು ಬಂದ. ಹಳೆಯ ಮೂಕಿಯನ್ನು ಪೂರ್ತಿ ಕಡಿದು ತೆಗೆದು ಹೊಸ ಕಬ್ಬಿಣದ್ದನ್ನು ಕೂಡಿಸಿದ. ನೆಲದ ತಗಡು ಬದಲಿಸಿದ, ಟಾಕಿ ಬದಲಿಸಿದ, ಬಾಗಿಲು ಕೂಡುವಂತೆ ಮಾಡಿದ. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಪ್ರತಿಯೊಂದು ಬೆಸುಗೆಯನ್ನೂ ನೋಡಿದೆ, ಕಣ್ಣು ಕೆಂಪಾಗಿ ನೀರು ಸುರಿದರೂ ಎದ್ದು ಹೋಗಲಿಲ್ಲ. ಅವನಿಗೆ ನೀರು ಕೊಟ್ಟೆ. ಊಟಕ್ಕೆ ಕರೆಯಲಿಲ್ಲ. ಬಾಗಿಲಿಗೆ ಬಂದವರನ್ನು ಉಣಿಸದೆ ಕಳಿಸಿದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ, ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ನಮ್ಮ ಮನೆಯವರು ಗಾಡಿಯ ತುಂಬ ಜೋಳದ ಚೀಲ ಹೇರಿ ಶಹಾಪುರದ ತನಕ ಹೋಗಿ ಬಂದು, ಮೂಕಿಯ ಮೇಲೆ ಸುತ್ತಿಗೆಯಿಂದ ಹೊಡೆದು ನೋಡಿ, ಈಗ ಸೈ ಎಂದರು. ನಿಜವಾಗಿಯೂ ಸೈ ಆಗಿತ್ತು. ಮೊದಲೇ ಹೀಗೆ ಮಾಡಬಹುದಿತ್ತಲ್ಲ ಎನ್ನುವುದೇ ನನ್ನ ಹೊಟ್ಟೆ ಉರಿಸಿತು. ಅವನಿಗೆ ಕೆಲಸ ಬರುತ್ತಿತ್ತು.

ಕಂಬಿ ಹೊರಡುವ ದಿನ ಊರೆಲ್ಲ ಕೂಡಿತ್ತು. ಮುದುಕಿಯರಿಬ್ಬರೂ ಒಳಗೆ ಹತ್ತಿ ತಮ್ಮ ತಮ್ಮ ಮಂಚ ಹಿಡಿದಾಗಿತ್ತು. ಅತ್ತೆ ಸ್ನಾನ ಮಾಡಿ, ಚೀಲ ಹಿಡಿದು, ಕೋಲೂರುತ್ತ ಬಂದರು. ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಹಾಗೆಯೇ ನಿಂತರು. ನಾನು ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟೆ. ಅವರು ಕಾಲನ್ನು ಕೆಳಗೆ ಇಳಿಸಿದರು.

"ಗಾಡಿ ಸುದ್ದ ಆಗ್ಯದ ಅಂತ ನನಗೂ ಗೊತ್ತದ," ಅಂದರು. "ಆದ್ರ ಒಳಗ ಮಲಗಿ ಕಣ್ಣ ಮುಚ್ಚಿದ್ರ ಮಲ್ಲಯ್ಯ ಬರಂಗಿಲ್ಲ. ವಿಭೂತಿ ಹಚ್ಚಿದ ಆ ಕೈ ಬರ್ತದ. ಅದನ್ನ ನೋಡಕೋತ ಮಗಳ ಮನಿಗಿ ಹ್ಯಾಂಗ ಹೋಗಲಿ? ನೀ ಹೋಗು."

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಬೇರೆ ಗಾಡಿಯಲ್ಲಿ ಕೂರಿಸುತ್ತೇವೆ ಎಂದು ಮಂದಿ ಕರೆದರು, ಬಿಸಿಲಿಗೆ ಬಿದ್ದು ನಿಮಗೆಲ್ಲ ಭಾರವಾಗುವುದಿಲ್ಲ ಎಂದರು. ಚೀಲವನ್ನು ನನ್ನ ಉಡಿಗೆ ಹಾಕಿ, ಅಲ್ಲಿ ಮಗಳ ಮುಂದೆ ಯಾರ್ಯಾರ ಹೆಸರು ಹೇಳಿ ಬೇಡಿಕೊಳ್ಳಬೇಕೆಂದು ಹೇಳತೊಡಗಿದರು. ಮೊದಲು ತಮ್ಮ ಮಗ, ಆಮೇಲೆ ನಾನು, ಗಂಡನ ಮನೆಯಲ್ಲಿರುವ ನನ್ನ ಮಗಳು, ಖಾನಾವಳಿ, ಗಬ್ಬಾದ ಎಮ್ಮೆ. ಎಮ್ಮೆಯ ಬೆನ್ನಿಗೇ ಅವನ ಹೆಸರು ಬಂತು. ದಿನಾ ದೇವರ ಮುಂದೆ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿತ್ತು. ಹೇಳಿದ ಮೇಲೆ ತಡೆದರು. ಶೆಡ್ಡಿನಲ್ಲಿ ಅಳದವರು, ಬಸ್ಸಿನಲ್ಲಿ ಅಳದವರು, ಅಷ್ಟು ಮಂದಿಯ ನಡುವೆ ನಿಂತು ಅತ್ತರು.

"ಅವಂದ ಬ್ಯಾಡ," ಅಂದರು. "ಒಳ್ಳೇದೂ ಕೇಳಬ್ಯಾಡ, ಕೆಟ್ಟದ್ದೂ ಕೇಳಬ್ಯಾಡ. ಹೆಸರೇ ಎತ್ತಬ್ಯಾಡ."

ನಾನು ಅವರ ಮಂಚದ ಮೇಲೆ ಮಲಗಲಿಲ್ಲ. ನಡೆದೆ. ಕಾಡಿನ ದಾರಿಯಲ್ಲಿ ಅಂಗಾಲಿನ ಬೊಬ್ಬೆ ಒಡೆದು ಚರ್ಮ ಎದ್ದಾಗಲೂ ಗಾಡಿ ಹತ್ತುವ ಮಂದಿಯ ಕಡೆ ಹೋಗಲಿಲ್ಲವಲ್ಲ ಎಂದು ಪಶ್ಚಾತ್ತಾಪ ಪಡಲಿಲ್ಲ. ಟ್ರ್ಯಾಲಿ ಘಾಟಿ ಹತ್ತಿ ಸುರಕ್ಷಿತವಾಗಿ ಶ್ರೀಶೈಲ ಮುಟ್ಟಿತು. ಮುದುಕಿಯರು ಎಷ್ಟು ಚಂದ ನಿದ್ದೆ ಬಂತೆಂದು ಹೊಗಳಿದ್ದೇ ಹೊಗಳಿದ್ದು. ಗುಡಿಯಲ್ಲಿ ನೂಕುನುಗ್ಗಲು. ಸೀರೆ ಕುಬಸ ಒಪ್ಪಿಸಿ, ಅತ್ತೆ ಹೇಳಿದ ಹೆಸರುಗಳನ್ನು ಹೇಳಿದ ಕ್ರಮದಲ್ಲೇ ಹೇಳಿದೆ. ಎಮ್ಮೆಗೆ ಬಂದು ನಿಲ್ಲಿಸಿದೆ. ಹಿಂದಿನವರು ತಳ್ಳಿದರು, ಮುಂದೆ ಹೋದೆ.

ಊರಿಗೆ ಬಂದಾಗ ಅತ್ತೆ ಒಲೆಯ ಮುಂದೆ ನಿಂತಿದ್ದರು. ನನ್ನ ಕಾಲು ನೋಡಿ ಬೈದರು, ಪ್ರಸಾದ ಕಣ್ಣಿಗೊತ್ತಿಕೊಂಡರು, ಮಗಳಿಗೆ ಸೀರೆ ಒಪ್ಪಿತೋ ಎಂದು ಕೇಳಿದರು. ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, ಎಲ್ಲರ ಹೆಸರೂ ಹೇಳಿದೆಯಾ ಎಂದರು. ಹೇಳಿದೆ ಎಂದೆ. ರೊಟ್ಟಿಯನ್ನು ಹೆಂಚಿಗೆ ಹಾಕಿ, ಇನ್ನೊಂದು ಬಡಿಯುತ್ತ ಕೇಳಿದರು:

"ಅವಂದು?"

"ನೀವ ಬ್ಯಾಡ ಅಂದಿದ್ದಿರಲ್ಲರೀ."

"ಹೌದು, ಅಂದಿದ್ದೆ," ಎಂದರು.

ಬಡಿಯುತ್ತಿದ್ದ ಕೈ ನಿಂತಿತು. ನಾನು ಅವರ ಮಾತು ಮೀರಿ ಆ ಹೆಸರನ್ನು ಹೇಳಿ ಬಂದಿರುತ್ತೇನೆ ಎಂದು ಇಷ್ಟು ದಿನ ಅವರು ಕಾದಿದ್ದರು. ಹೇಳಲಿಲ್ಲವೆಂದು ನನಗೆ ದುಃಖವಿಲ್ಲ. ತಮ್ಮನ್ನು ಕಣಿವೆಗೆ ಬಿಡಲು ಹೇಸದವನ ಬಗ್ಗೆ ಅವರು ಹಾಗೆ ಕೇಳಬೇಕಾಯಿತಲ್ಲ, ಅದಕ್ಕೆ ಅವನನ್ನು ನಾನು ಕ್ಷಮಿಸಲಾರೆ.